1799ರ ಅಮೆರಿಕದ ಬೆಳ್ಳಿ ಡಾಲರ್ ನಾಣ್ಯ 250 ಡಾಲರ್‌ಗೆ ಸಿಗ್ತಿದೆ, ತಗೋಬಹುದಾ?

ಬೇಡ ರೀ, ಈಗಲೇ ತಗೋಬೇಡಿ. ಆನ್‌ಲೈನಲ್ಲಿ 250 ಡಾಲರ್‌ಗೆ ಇದೆ, ಫೋಟೋ ಚೆನ್ನಾಗಿದೆ, ಅಸಲಿ ಹೌದೋ ಅಲ್ವೋ ಹೇಗೆ ತಿಳ್ಕೊಳ್ಳೋದು ಅಂತ ತಾನೆ ನೀವು ಕೇಳಿರೋದು? 1799ರದ್ದು ಅಂಥಾ ಅಪರೂಪ ಏನಲ್ಲ, ಫಿಲಡೆಲ್ಫಿಯಾ ಟಂಕಸಾಲೆ ಲೆಕ್ಕದಲ್ಲಿ ಹೊಡೆದಿದ್ದು 4,23,515 ಅಂತಿದೆ, ಆದ್ರೂ ಮುಖ ಸವೆದು ನುಣ್ಣಗಾಗಿರೋದಕ್ಕೇ ಸಾವಿರ ಡಾಲರ್ ಆಸುಪಾಸು ಕೇಳ್ತಾರೆ. ಕಾಲು ಬೆಲೆಗೆ ಕೊಡೋಕೆ ಅವನೇನು ನಿಮ್ಮ ಸೋದರಮಾವನಾ?

ನಾನೂ ಇದರಲ್ಲಿ ಬಿದ್ದೆದ್ದವನೇ. ನ್ಯೂಜೆರ್ಸಿಗೆ ಬಂದ ಹೊಸತರಲ್ಲಿ ಒಂದು ಭಾನುವಾರದ ಸಂತೇಲಿ ಇದೇ ಥರದ್ದೊಂದನ್ನ 180ಕ್ಕೆ ಚೌಕಾಸಿ ಮಾಡಿ ತಂದು, ಹೆಂಡತಿಗೂ ತೋರಿಸಿ ಬೀಗಿ, ಆಮೇಲೆ ಅಡುಗೆಮನೆ ಡಿಜಿಟಲ್ ತಕ್ಕಡಿ ಮೇಲಿಟ್ಟರೆ 23 ಗ್ರಾಂ! ಇರಬೇಕಾದ್ದು 26.96. ಇನ್ನೂರು ವರ್ಷದ್ದು, ಸವೆದಿರಬೇಕು ಬಿಡು ಅಂತ ಸಮಾಧಾನ ಮಾಡ್ಕೊಂಡೆ, ಆದ್ರೆ ನಾಲ್ಕು ಗ್ರಾಂ ಸವೆದ ನಾಣ್ಯದಲ್ಲಿ ಅದರ ಮುಖದ ಮೇಲಿರೋ ಹೆಂಗಸಿನ ಕೂದಲು ಎಳೆ ಎಳೆಯಾಗಿ ಹೇಗೆ ಉಳ್ಕೊಳ್ಳುತ್ತೆ? ಕೊನೆಗೆ ಅಂಚು ತಿರುಗಿಸಿ ನೋಡಿದೆ, ಇವತ್ತಿನ ಕ್ವಾರ್ಟರ್ (25 ಸೆಂಟ್ ನಾಣ್ಯ) ಥರ ಸುತ್ತಲೂ ಬರೀ ಗೀರು. ಕಥೆ ಅಲ್ಲಿಗೆ ಮುಗೀತು.

ಮಾರೋರು ಎರಡು ಮುಖದ ಫೋಟೋ ಹಾಕ್ತಾರೆ, ಅಂಚಿನದ್ದು ಹಾಕಲ್ಲ, ನಾವೂ ಕೇಳಲ್ಲ. ಆ ಕಾಲದ ಡಾಲರ್ ಅಂಚಲ್ಲಿ 'ಹಂಡ್ರೆಡ್ ಸೆಂಟ್ಸ್ ಒನ್ ಡಾಲರ್ ಆರ್ ಯೂನಿಟ್' ಅಂತ ಇಂಗ್ಲಿಷ್ ಅಕ್ಷರ ಒಳಕ್ಕೆ ಕೊರೆದಿರುತ್ತೆ, ಪದಗಳ ನಡುವೆ ಚಿಕ್ಕ ಚಿಕ್ಕ ಅಲಂಕಾರ. ಮುಖ ಒತ್ತೋಕೆ ಮುಂಚೆ ಖಾಲಿ ಬಿಲ್ಲೆಯನ್ನ ಎರಡು ಪಟ್ಟಿಗಳ ಮಧ್ಯೆ ಉರುಳಿಸಿ ಇದನ್ನ ಮಾಡ್ತಿದ್ರು, ಒಂದೊಂದು ಪಟ್ಟೀಲಿ ಅರ್ಧರ್ಧ ಬರಹ, ಹಾಗಾಗಿ ಎರಡೂ ಸೇರೋ ಕಡೆ ಅಕ್ಷರ ಒಂದರ ಮೇಲೊಂದು ಹತ್ತಿರೋದೂ ಉಂಟು. ಹತ್ತು ಪಟ್ಟು ಭೂತಗನ್ನಡಿ ಇಟ್ಕೊಂಡು ನಿಧಾನಕ್ಕೆ ತಿರುಗಿಸಿ. ಉದ್ದಕ್ಕೂ ಒಂದು ಸಣ್ಣ ಗೆರೆ ಕಂಡ್ರೆ ಎರಡು ಅರ್ಧ ಸೇರಿಸಿ ಅಂಟಿಸಿರೋದೋ ಅಚ್ಚಿಗೆ ಎರೆದಿರೋದೋ ಇರಬಹುದು. ಮುಖದ ಮೇಲೆ ಉದ್ದುದ್ದ ಗೀರು ಕಂಡ ತಕ್ಷಣ ಮಾತ್ರ ಬೇಡ ಅನ್ಬೇಡಿ, ತೂಕ ಜಾಸ್ತಿ ಇದ್ದ ಬಿಲ್ಲೆಯನ್ನ ಟಂಕಸಾಲೆಯವರೇ ಅರ ಹಾಕಿ ಉಜ್ಜಿ ಸರಿ ಮಾಡ್ತಿದ್ರು.

ಅಯಸ್ಕಾಂತಕ್ಕೆ ಅಂಟಿದ್ರೆ ನಕಲಿನೇ, ಆದ್ರೆ ಅಂಟದಿದ್ರೆ ಅಸಲಿ ಅಂತೇನಿಲ್ಲ. ತೂಕ, ಬೆಳ್ಳಿ ಎರಡೂ ಸರಿಯಾಗಿರೋ ನಕಲಿ ಬರ್ತವೆ. ಆಗ ಮುಖ ಒತ್ತಿದ ಅಚ್ಚು ಹೋಲಿಸಬೇಕು. ಆಗಿನ ಅಚ್ಚುಗಳನ್ನ ಕೈಯಲ್ಲೇ ತಯಾರು ಮಾಡ್ತಿದ್ದಿದ್ರಿಂದ ನಕ್ಷತ್ರ, ಅಂಕಿಗಳು ಕೂತಿರೋ ಜಾಗ ಒಂದೊಂದರಲ್ಲೂ ಬೇರೆ, ಮುಂದಿನ, ಹಿಂದಿನ ಮುಖಕ್ಕೆ ಯಾವ್ಯಾವ ಅಚ್ಚಿನ ಜೋಡಿ ಇತ್ತು ಅಂತ ಸಂಗ್ರಹಕಾರರು ನಂಬರ್ ಕೊಟ್ಟು ಪಟ್ಟಿ ಮಾಡಿದಾರೆ. ನಿಮ್ಮದು ಯಾವ ಜೋಡಿಗೂ ಹೊಂದದಿದ್ರೆ ಅನುಮಾನ ಪಡಿ. ಇನ್ನು ನಾಣ್ಯ ಪರೀಕ್ಷಿಸಿ ನಂಬರ್ ಹಾಕಿ ಸೀಲ್ ಮಾಡಿ ಕೊಡೋ ಕಂಪನಿಗಳಾದ ಪಿಸಿಜಿಎಸ್, ಎನ್‌ಜಿಸಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿದೆ ಅಂತ ನಿಶ್ಚಿಂತೆ ಬೇಡ, ಡಬ್ಬಿಯದ್ದೂ ನಕಲಿ ಬರುತ್ತೆ. ಡಬ್ಬಿ ಮೇಲಿರೋ ನಂಬರನ್ನ ಆ ಕಂಪನಿಯ ಸೈಟಲ್ಲಿ ಹಾಕಿ, ಅಲ್ಲಿ ಫೋಟೋ ಇದ್ರೆ ಕಲೆ, ಗೀರು ಎಲ್ಲಾ ಅದೇ ಜಾಗದಲ್ಲಿದೆಯಾ ನೋಡಿ. 1804ರ ಡಾಲರ್ ಯಾರಾದ್ರೂ ತೋರಿಸಿದ್ರೆ ನಕ್ಕು ಮುಂದೆ ಹೋಗಿ, ಆ ಇಸವಿ ಹಾಕಿರೋದನ್ನ 1830ರ ದಶಕದಲ್ಲಿ ಸಯಾಂ (ಈಗಿನ ಥಾಯ್ಲೆಂಡ್) ರಾಜ, ಮಸ್ಕತ್ ಸುಲ್ತಾನ ಇಂಥೋರಿಗೆ ಉಡುಗೊರೆ ಕೊಡೋಕೆ ಅಂತ ಮೊದಲು ಮಾಡಿದ್ದು, ಇರೋದೇ ಬೆರಳೆಣಿಕೆ.

ಶುರು ಮಾಡೋಕೆ ಡಾಲರೇ ಯಾಕೆ? 1807ರಿಂದ 1836ರವರೆಗಿನ ಬಸ್ಟ್ ಹಾಫ್ ಡಾಲರ್, ಅಂದ್ರೆ ಹೆಂಗಸಿನ ಎದೆಮಟ್ಟದ ಚಿತ್ರ ಇರೋ ಅರ್ಧ ಡಾಲರ್ ತಗೊಳ್ಳಿ, 13.48 ಗ್ರಾಂ, ಅದರ ಅಂಚಲ್ಲೂ ಬರಹ ಇರುತ್ತೆ. ಆಗ ಮೂವತ್ತು ವರ್ಷ ಚಲಾವಣೆಗೆ ಅಂತ ಡಾಲರ್ ಹೊಡೀಲೇ ಇಲ್ಲ, ಬ್ಯಾಂಕಿನೋರು ಈ ಅರ್ಧ ಡಾಲರನ್ನೇ ಚೀಲದಲ್ಲಿ ಕಟ್ಟಿ ಆ ತಿಜೋರಿಯಿಂದ ಈ ತಿಜೋರಿಗೆ ಸಾಗಿಸ್ತಿದ್ರು, ಅದಕ್ಕೇ ಸವೆಯದೆ ಉಳ್ಕೊಂಡಿರೋದು ಬಹಳ, ಬೆಲೆಯೂ ಕೈಗೆಟುಕುತ್ತೆ. ಇದಕ್ಕೂ ಆ ಕಾಲದಲ್ಲೇ ನಕಲಿ ಮಾಡಿದಾರೆ, ತಮಾಷೆ ಅಂದ್ರೆ ಆ ನಕಲಿಗಳನ್ನೂ ಆಸೆಪಟ್ಟು ಕೂಡಿಡೋರಿದಾರೆ.

ತಗೊಂಡ ಮೇಲೆ ಕಪ್ಪಾಗಿದೆ ಅಂತ ಪೂಜೆ ಸಾಮಾನಿನ ಥರ ಹುಣಸೆಹಣ್ಣು ಹಾಕಿ ಉಜ್ಜಬೇಡಿ ದಯವಿಟ್ಟು, ಕಪ್ಪಿನ ಜೊತೆ ಬೆಲೆನೂ ಹೋಗುತ್ತೆ. ಈಗ ಮೊದಲು ಆ ಮಾರೋನಿಗೆ ಅಂಚಿನ ಫೋಟೋ ನಾಲ್ಕು ಕಡೆಯಿಂದ ಕಳಿಸು, ತಕ್ಕಡಿ ಮೇಲಿಟ್ಟಿರೋದೂ ಒಂದು ಕಳಿಸು ಅಂತ ಮೆಸೇಜ್ ಹಾಕಿ. ಕಳಿಸಿದ್ರೆ ಇಲ್ಲೇ ಹಾಕಿ, ನೋಡ್ತೀನಿ.