ನೇರಳೆ ಬಣ್ಣ ನಿಂತಿತು, ಕ್ರಿಯೆ ನಿಲ್ಲಲಿಲ್ಲ

ಪ್ರಿಯರೆ,

ಹಿಮ್ಮರಳುವ, ಅಂದರೆ ಮುಂದಕ್ಕೂ ಹಿಂದಕ್ಕೂ ನಡೆಯಬಲ್ಲ ರಾಸಾಯನಿಕ ಕ್ರಿಯೆಗಳ ಸಮತೋಲನದ ಬಗ್ಗೆ ನೀವು ಬರೆದ ಲೇಖನ ತಲುಪಿತು. ಭಾಷೆ ತಿಳಿಯಾಗಿದೆ, ವಿಷಯವೂ ಒಳ್ಳೆಯದೇ. ಆದರೆ ಮೂರನೇ ಪ್ಯಾರಾ ಓದಿದಾಗಿನಿಂದ ನನಗೆ ಸಮಾಧಾನವಿಲ್ಲ.

‘ಹೈಡ್ರೋಜನ್, ಅಯೋಡಿನ್ ಕೂಡಿ ಹೈಡ್ರೋಜನ್ ಅಯೊಡೈಡ್ ಆಗುತ್ತದೆ, ಸ್ವಲ್ಪ ಹೊತ್ತಿಗೆ ಕ್ರಿಯೆ ದಣಿದು ನಿಲ್ಲುತ್ತದೆ’ ಎಂದಿದ್ದೀರಿ. ನಿಲ್ಲುವುದಿಲ್ಲ, ಸ್ವಾಮಿ! ಅಯೋಡಿನ್ ಆವಿಯ ನೇರಳೆ ಬಣ್ಣ ಇನ್ನಷ್ಟು ಮಾಸುವುದು ನಿಂತಿತು, ಅಷ್ಟೇ. ಮುಚ್ಚಿದ ಪಾತ್ರೆಯೊಳಗೆ ಒಂದು ಕಡೆ ಅಣುಗಳು ಹುಟ್ಟುತ್ತಲೇ ಇವೆ, ಅದೇ ವೇಗದಲ್ಲಿ ಒಡೆಯುತ್ತಲೂ ಇವೆ. ಆ ಮಿಶ್ರಣಕ್ಕೆ ಚೂರು ವಿಕಿರಣಶೀಲ ಅಯೋಡಿನ್ ಸೇರಿಸಿದರೆ, ಹೊತ್ತು ಕಳೆದಂತೆ ಅದು ಹೈಡ್ರೋಜನ್ ಅಯೊಡೈಡಿನಲ್ಲೂ ಪತ್ತೆಯಾಗುತ್ತದೆ. ಕ್ರಿಯೆ ನಿಂತಿದ್ದರೆ ಅದು ಅಲ್ಲಿಗೆ ಹೋದದ್ದು ಹೇಗೆ? ಲೇಖನದಲ್ಲಿ ಇರಬೇಕಾದ್ದು ಈ ಪ್ರಶ್ನೆ. ನೀವು ಕೊಟ್ಟದ್ದು ದಣಿವು.

ಮುಂದಿನ ಸಾಲು: ‘ಆಗ ಎರಡೂ ಕಡೆ ಸಮಪಾಲು.’ ಸಮವಾಗುವುದು ವೇಗ, ಪ್ರಮಾಣವಲ್ಲ. ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಕ್ರಿಯೆಯ ಸಮತೋಲನ ಸ್ಥಿರಾಂಕ, ಅಂದರೆ ಸಮತೋಲನದಲ್ಲಿ ಹುಟ್ಟಿದ್ದಕ್ಕೂ ಉಳಿದದ್ದಕ್ಕೂ ಇರುವ ಅನುಪಾತವನ್ನು ಹೇಳುವ ಸಂಖ್ಯೆ, 50ರ ಆಸುಪಾಸು. ಎರಡೂ ಅನಿಲಗಳನ್ನು ಒಂದೊಂದು ಮೋಲ್ (ಅಣುಗಳನ್ನು ಎಣಿಸುವ ಅಳತೆ) ತೆಗೆದುಕೊಂಡು ಲೆಕ್ಕ ಹಾಕಿ: ಪ್ರತಿಯೊಂದರಲ್ಲೂ ಶೇ 78ರಷ್ಟು ಬದಲಾಗಿ, 22ರಷ್ಟು ಹಾಗೇ ಉಳಿಯುತ್ತದೆ. ಬರೀ ಹೈಡ್ರೋಜನ್ ಅಯೊಡೈಡನ್ನೇ 2 ಮೋಲ್ ಇಟ್ಟು ಶುರುಮಾಡಿದರೂ ಕೊನೆಗೆ ಸಿಗುವುದು ಇದೇ ಮಿಶ್ರಣ. ನನಗೆ ಇಂದಿಗೂ ಸೋಜಿಗವೆನಿಸುವ ಈ ಸಂಗತಿಯನ್ನು ‘ಸಮಪಾಲು’ ಎಂದು ಮುಗಿಸಿಬಿಟ್ಟಿದ್ದೀರಲ್ಲ!

ನಾನು ಕರಡು ತಿದ್ದುವ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬಂದ ಲೇಖನಗಳನ್ನು ಸಂಪಾದಕರಿಗೆ ಗಟ್ಟಿಯಾಗಿ ಓದಿ ಹೇಳಬೇಕಿತ್ತು. ‘ಕ್ರಿಯೆ ಬಯಸುತ್ತದೆ’, ‘ಅಣು ಹಂಬಲಿಸುತ್ತದೆ’ ಎಂದು ಬಂದರೆ ಕಣ್ಣು ಮುಚ್ಚಿಕೊಂಡೇ, ‘ಕೇಳಿಕೊಂಡು ಬಂದವರು ಯಾರು?’ ಎನ್ನುತ್ತಿದ್ದರು. ಒಮ್ಮೆ ಒಬ್ಬರು, ನೈಟ್ರೋಜನ್, ಹೈಡ್ರೋಜನ್ ಕೂಡಿ ಅಮೋನಿಯಾ ಆಗುವ ಕ್ರಿಯೆಯಲ್ಲಿ ಕಬ್ಬಿಣದ ವೇಗವರ್ಧಕದಿಂದ ಸಮತೋಲನದಲ್ಲಿ ಅಮೋನಿಯಾದ ಪಾಲು ಹೆಚ್ಚುತ್ತದೆ ಎಂದು ಬರೆದಿದ್ದರು. ‘ಅಮೋನಿಯಾ ಒಡೆಯುವುದಕ್ಕೆ ಕಬ್ಬಿಣ ಅಡ್ಡ ನಿಂತಿತೋ?’ ಎಂದವರೇ ಲೇಖನವನ್ನು ಮರಳಿಸಿದರು. ಕಬ್ಬಿಣ ಎರಡೂ ದಿಕ್ಕಿನ ವೇಗವನ್ನು ಒಂದೇ ಪಟ್ಟು ಹೆಚ್ಚಿಸುತ್ತದೆ. ಸಮತೋಲನ ಬೇಗ ಬರುತ್ತದೆ, ಪಾಲು ಬದಲಾಗದು. ಅವರ ಮಾತು ಖಾರವೆನಿಸುತ್ತಿತ್ತು, ಆದರೆ ಆ ಮೇಜಿನ ಮುಂದೆ ಕಲಿತಷ್ಟು ರಸಾಯನಶಾಸ್ತ್ರವನ್ನು ನಾನು ತರಗತಿಯಲ್ಲಿ ಕಲಿಯಲಿಲ್ಲ.

ಲೇಖನದಲ್ಲಿ, ಈಜಿಪ್ಟಿನ ಉಪ್ಪಿನ ಸರೋವರದ ದಡದಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಬರ್ತೊಲೆ ಸೋಡಾ ಕಂಡು, ಕ್ರಿಯೆ ಹಿಂದಕ್ಕೂ ನಡೆಯಬಲ್ಲದೆಂದು ಅರಿತ ಭಾಗವನ್ನು ಮುಟ್ಟಬೇಡಿ. ಮತ್ತೆ ಕಳಿಸುವಾಗ ಲೆಕ್ಕ ಮಾಡಿದ ಹಾಳೆಯೂ ಜೊತೆಗಿರಲಿ.