ಬಿಲ್ ಕಲೆಕ್ಟರ್‌ಗೆ ಜಾಮೀನು ನಿಂತವರಿಗೆ ವಸೂಲಿ ನೋಟಿಸ್ ಬಂದರೆ

ಕೊಪ್ಪಳದ ಹತ್ತಿರ ಪಂಚಾಯಿತಿಯ ಬಿಲ್ ಕಲೆಕ್ಟರ್ (ಕಂದಾಯ ವಸೂಲು ಮಾಡುವ ನೌಕರ) ಜನ ಕಟ್ಟಿದ ಮನೆ ಕಂದಾಯ ನುಂಗಿದ, ಅವನಿಗೆ ಜಾಮೀನು ನಿಂತಿದ್ದ ನನಗೆ ಆ ದುಡ್ಡು ಕಟ್ಟಿ ಅಂತ ನೋಟಿಸ್ ಬಂದಿದೆ, ಏನು ಮಾಡಲಿ ಅನ್ನುವುದು ನಿಮ್ಮ ಪ್ರಶ್ನೆ. ಈ ನೋಟಿಸ್ ಬಂದಿರುವುದು ನೀವು ಸಹಿ ಹಾಕಿದ ಜಾಮೀನು ಬಾಂಡ್‌ನಿಂದಲೇ. ಕರಾರು ಕಾಯ್ದೆ 1872ರ ಕಲಂ 128ರ ಪ್ರಕಾರ, ಬಾಂಡ್‌ನಲ್ಲಿ ಬೇರೆ ಮಾತಿಲ್ಲದಿದ್ದರೆ ಅವನಷ್ಟೇ ಹೊಣೆ ನಿಮಗೂ ಇದೆ. 'ಮೊದಲು ಅವನನ್ನು ಹಿಡಿಯಿರಿ' ಅನ್ನುವ ವಾದ ಸಾಮಾನ್ಯವಾಗಿ ನಿಲ್ಲಲ್ಲ.

ಮೊದಲು ಪಂಚಾಯಿತಿಯಿಂದ ಬಾಂಡ್ ನಕಲು ತೆಗೆದುಕೊಳ್ಳಿ, ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಮೊತ್ತಕ್ಕೆ ಮಿತಿ ಬರೆದಿದ್ದರೆ ಅದಕ್ಕಿಂತ ಜಾಸ್ತಿ ಕೇಳುವಂತಿಲ್ಲ. ಆಮೇಲೆ ರಸೀದಿ ಪುಸ್ತಕ, ಕ್ಯಾಶ್ ಬುಕ್, ಬ್ಯಾಂಕ್ ಚಲನ್ ತಾಳೆ ನೋಡಿ. ಜನರ ಕೈಯಲ್ಲಿರುವ ರಸೀದಿಯಲ್ಲಿ ಒಂದು ಮೊತ್ತ, ರಸೀದಿ ಪುಸ್ತಕದಲ್ಲಿ ಉಳಿದ ಕಾರ್ಬನ್ ಪ್ರತಿಯಲ್ಲಿ ಇನ್ನೊಂದು ಇರಬಹುದು.

ತಿಂಗಳಿಗೊಮ್ಮೆ ಲೆಕ್ಕ ನೋಡ್ತೀವಿ ಅಂತ ಪಂಚಾಯಿತಿ ಒಪ್ಪಿಕೊಂಡು ನೋಡದೇ ಬಿಟ್ಟಿದ್ದರೆ ಅದೇ ಕಾಯ್ದೆಯ ಕಲಂ 139 ನಿಮ್ಮ ಕಡೆ ಇದೆ, ಅದರಡಿ ನಿಮ್ಮ ಹೊಣೆ ತಪ್ಪಬಹುದು. ಅಂಥ ಮಾತೇ ಇಲ್ಲದೆ, ಸುಮ್ನೆ ಗಮನ ಕೊಡಲಿಲ್ಲ ಅಂದರೆ ಸಾಲುತ್ತಾ ಅನ್ನುವುದು ಅನುಮಾನ. ಬಾಂಡ್ ವಕೀಲರಿಗೆ ತೋರಿಸಿ.

ಗಡುವಿನೊಳಗೆ ಬರಹದಲ್ಲೇ ಉತ್ತರ ಕೊಟ್ಟು ಸ್ವೀಕೃತಿ ಪಡೆಯಿರಿ. ಕಟ್ಟಲೇಬೇಕಾಗಿ ಬಂದರೆ ರಸೀದಿ ಜೋಪಾನ ಮಾಡಿ, ಕಲಂ 145ರ ಅಡಿ ಆ ದುಡ್ಡನ್ನು ಅವನಿಂದ ವಸೂಲು ಮಾಡಬಹುದು.