ವರ್ಷ ಮುಗಿಯೋ ಹೊತ್ತಿಗೆ ಏನು ಬರೆಯೋದು? ಓದುಗರ ಪ್ರಶ್ನೆ, ನಮ್ಮ ಉತ್ತರ

ಡಿಸೆಂಬರ್ ಬಂತು ಅಂದ್ರೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಬೇರೆ ತಿಂಗಳು ಕಥೆ, ಕವಿತೆ, ಕಾಗುಣಿತ ಅಂತ ಕೇಳುವವರು ಈಗ ಒಂದೇ ಕೇಳುತ್ತಾರೆ. ಹಳೇ ವರ್ಷ ಹೋಗ್ತಿದೆ, ಹೊಸದು ಬರ್ತಿದೆ, ಇದರ ಮೇಲೆ ಬರೀಬೇಕು, ಹೇಗೆ? ಈ ಸಲ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಪತ್ರಗಳನ್ನೇ ಆರಿಸಿಕೊಂಡಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಅಕ್ಕಾ, ನಾನು ಸೇಡಂನಲ್ಲಿ ಬಿ.ಎ. ಓದುತ್ತಿದ್ದೇನೆ. ಕಾಲೇಜಿನ ಗೋಡೆಪತ್ರಿಕೆಗೆ ವರ್ಷದ ಕೊನೆ ಬಗ್ಗೆ ಒಂದು ಪುಟ ಬರೆದುಕೊಡು ಅಂತ ನಮ್ಮ ಸರ್ ಹೇಳಿದ್ದಾರೆ. ಬರೆಯೋಕೆ ಕೂತರೆ ‘ಕಹಿ ಮರೆಯೋಣ, ಸಿಹಿ ನೆನೆಯೋಣ’, ‘ಹೊಸ ಕನಸು, ಹೊಸ ಭರವಸೆ’ ಇಂಥವೇ ಬರುತ್ತವೆ. ಓದಿದರೆ ಮೊಬೈಲಿಗೆ ಬರುವ ಶುಭಾಶಯದ ಹಾಗೇ ಇದೆ. ಏನು ಮಾಡಲಿ?

ಉತ್ತರ: ತಂಗಿ, ಆ ಸಾಲುಗಳಲ್ಲಿ ತಪ್ಪೇನೂ ಇಲ್ಲ. ಅವುಗಳಲ್ಲಿ ನೀನಿಲ್ಲ, ಅಷ್ಟೇ. ಅವನ್ನು ಸೇಡಂನವರೂ ಬರೆಯಬಹುದು, ಮಂಗಳೂರಿನವರೂ ಬರೆಯಬಹುದು. ಹತ್ತು ವರ್ಷದ ಹಿಂದೆ ಯಾರೋ ಬರೆದಿಟ್ಟಿದ್ದನ್ನ ಈಗ ತೆಗೆದು ಅಂಟಿಸಿದರೂ ಗೊತ್ತಾಗೋದಿಲ್ಲ. ಒಂದು ಪುಟಕ್ಕೆ ಇಡೀ ವರ್ಷ ತೀರಾ ಜಾಸ್ತಿ ಆಯ್ತು. ಅದರೊಳಗೆ ಮುಗಿದ ಒಂದೇ ಒಂದು ಸಂಗತಿ ಹಿಡಿದುಕೋ. ಅದು ಮುಗಿಯುವಾಗ ಪಕ್ಕದಲ್ಲೇ ಇನ್ನೇನು ಅರ್ಧಕ್ಕೆ ಬಂದಿತ್ತು ಅಂತ ನೋಡು. ಎರಡನ್ನೂ ಒಟ್ಟಿಗೆ ಬರೆ.

ಆ ಸಂಗತಿ ಎಲ್ಲಿ ಸಿಗುತ್ತೆ ಅಂತ ಕೇಳ್ತೀಯಾ? ನಿಮ್ಮ ಮನೆಯ ಗೋಡೆ ಕ್ಯಾಲೆಂಡರ್ ಇಳಿಸಿ ನೋಡು. ನಮ್ಮ ಮನೆಗಳಲ್ಲಿ ಅದು ತಾರೀಖು ನೋಡೋಕೆ ಮಾತ್ರ ಇರೋದಿಲ್ಲ ಅಲ್ವಾ. ಹಾಲು ಬಾರದ ದಿನಕ್ಕೆ ಹಾಕಿದ ಇಂಟು ಗುರುತು, ಸಿಲಿಂಡರ್ ಹಚ್ಚಿದ ತಾರೀಖು, ಸಂಘದ ಕಂತು ಕಟ್ಟಿದ್ದು, ಕಳೆ ತೆಗೆಯೋಕೆ ಎಷ್ಟು ಆಳು ಬಂದರು ಅನ್ನೋದು, ಮೂಲೆಯಲ್ಲಿ ಯಾರದೋ ಫೋನ್ ನಂಬರು. ಮೇ ತಿಂಗಳಲ್ಲಿ ಸಾಲಾಗಿ ನಾಲ್ಕು ದಿನ ಇಂಟು ಇದೆ ಅಂದುಕೋ. ಆ ನಾಲ್ಕು ದಿನ ಎಲ್ಲರೂ ಎಲ್ಲಿದ್ದಿರಿ? ಮದುವೆಯಲ್ಲೋ, ಆಸ್ಪತ್ರೆಯಲ್ಲೋ? ಜುಲೈ ಆದಮೇಲೆ ಹಾಲಿನ ಲೆಕ್ಕವೇ ಇಲ್ಲ. ಯಾಕೆ? ಎಮ್ಮೆ ಕೊಂಡಿರಾ, ಅಥವಾ ಹಾಲು ಕುಡಿಯುವ ಮಗುವನ್ನು ಕರಕೊಂಡು ಅಕ್ಕ ಗಂಡನ ಮನೆಗೆ ಹೋದಳಾ? ಅಲ್ಲಿಂದ ಶುರು ಮಾಡು. ‘ಈ ವರ್ಷ ನಮಗೆ ಅನೇಕ ಅನುಭವ ನೀಡಿತು’ ಅಂತ ಬರೆಯೋದಕ್ಕಿಂತ ‘ಜುಲೈ 9ರಿಂದ ನಮ್ಮ ಮನೆಗೆ ಹಾಲು ಅರ್ಧ ಲೀಟರ್ ಕಮ್ಮಿ ಆಯ್ತು’ ಅಂತ ಬರೆದರೆ ಓದುವವರು ಮುಂದಿನ ಸಾಲಿಗೆ ಬಂದೇ ಬರುತ್ತಾರೆ.

ಇನ್ನೊಂದು ಮಾತು. ಶುಭಾಶಯದ ಚಿತ್ರಗಳಲ್ಲಿ ಡಿಸೆಂಬರ್ ಅಂದ್ರೆ ಹಿಮ, ಬೋಳು ಮರ, ಎಲ್ಲ ಮುಗಿದ ಹಾಗೆ. ನಮ್ಮ ಡಿಸೆಂಬರ್ ಹಾಗಿಲ್ಲ. ಜೂನ್, ಜುಲೈನಲ್ಲಿ ಬಿತ್ತಿದ ತೊಗರಿ ಈಗ ಒಣಗಿ ಕೊಯ್ಲಿಗೆ ಬಂದಿರುತ್ತದೆ. ಪಕ್ಕದಲ್ಲೇ ಹಿಂಗಾರಿ ಜೋಳ, ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದ್ದು, ಇನ್ನೂ ಹಸಿರಾಗಿ ತೆನೆ ಕಟ್ಟುವ ಹಂತದಲ್ಲಿರುತ್ತದೆ. ಬದುವಿನ ಈಚೆ ರಾಶಿ ಮಷಿನ್ನಿನ ಧೂಳು, ಆಚೆ ಕಾಳಿಗೆ ಹಾಲು ತುಂಬುತ್ತಿರುವ ಜೋಳ. ಎಳ್ಳ ಅಮಾವಾಸ್ಯೆ ಬರೋದೂ ಇದರ ನಡುವೆಯೇ, ಒಂದು ವರ್ಷ ಡಿಸೆಂಬರಿನಲ್ಲಿ, ಇನ್ನೊಂದು ವರ್ಷ ಜನವರಿಯಲ್ಲಿ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಭಜ್ಜಿ ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. (ಬೆಂಗಳೂರು ಕಡೆಯವರು ಎಣ್ಣೆಯಲ್ಲಿ ಕರಿದ ಬಜ್ಜಿ ಅಂದುಕೊಳ್ಳಬೇಡಿ. ಹಸಿ ತೊಗರಿಕಾಳು, ಅವರೆ, ಕಡಲೆ, ಸಿಕ್ಕ ಸೊಪ್ಪು, ಸಿಕ್ಕ ತರಕಾರಿ ಎಲ್ಲ ಸೇರಿಸಿ ಕುದಿಸಿದ ಗಟ್ಟಿ ಪಲ್ಯ ಇದು. ಇದನ್ನ ತಿನ್ನೋಕೆ ಅಂತಲೇ ಪುಣೆ, ಹೈದರಾಬಾದಿನಿಂದ ಬಸ್ಸು ಹಿಡಿದು ಬರುವವರಿದ್ದಾರೆ.) ಹೊಲದಲ್ಲಿ ಐದು ಕಲ್ಲು ಇಟ್ಟು ಸುಣ್ಣ ಬಳಿದು ಪಾಂಡವರು ಅಂತ ಪೂಜೆ ಮಾಡುತ್ತಾರೆ. ಆಮೇಲೆ ಒಬ್ಬರು ಚರಗ, ಅಂದ್ರೆ ನೈವೇದ್ಯದ ಅಡುಗೆ, ಹೊಲದಲ್ಲಿ ಚೆಲ್ಲುತ್ತಾ ಹೋಗುತ್ತಾರೆ, ಇನ್ನೊಬ್ಬರು ಹಿಂದೆಯೇ ನೀರು ಚಿಮುಕಿಸುತ್ತಾ ಬರುತ್ತಾರೆ. ತುಂಬಿದ ಬಸುರಿಗೆ ಬಯಕೆ ಊಟ ಬಡಿಸಿದ ಹಾಗೆ ಭೂತಾಯಿಗೆ ಬಡಿಸೋದು. ಯಾವ ಹಬ್ಬವೇ ಆಗಲಿ ಬೆಳೆ ಕೈಗೆ ಬಂದ ಮೇಲೆ ಅಂತ ಅಂದುಕೊಂಡಿರುತ್ತೇವೆ. ಇದು ಬೆಳೆ ಇನ್ನೂ ಹೊಲದಲ್ಲೇ ನಿಂತಿರುವಾಗಿನ ಹಬ್ಬ. ನೀನು ಅದನ್ನೇ ಬರೆದರೂ ಆಯ್ತು. ಪೂರ್ತಿ ಹಬ್ಬದ ವಿವರ ಬೇಡ. ಚರಗ ಚೆಲ್ಲುವವರ ಹಿಂದೆ ತಂಬಿಗೆ ಹಿಡಿದು ನಡೆದದ್ದು ಯಾರು, ಹೋದ ವರ್ಷ ಯಾರು ಹಿಡಿದಿದ್ದರು, ಅಷ್ಟು ಬರೆ. ಒಂದು ಪುಟ ತುಂಬುತ್ತದೆ.

ಪ್ರಶ್ನೆ: ಮೇಡಂ, ನಾನು ಹುಮನಾಬಾದಿನ ನಿವೃತ್ತ ಶಿಕ್ಷಕ, 80 ದಾಟಿದೆ. ಡಿಸೆಂಬರ್ 31ಕ್ಕೆ ಮೊಮ್ಮಕ್ಕಳು ಕೇಕ್ ಕತ್ತರಿಸುತ್ತಾರೆ. ನಮ್ಮ ಹೊಸ ವರ್ಷ ಯುಗಾದಿ ಅಂತ ನಾನು ಹೇಳುತ್ತೇನೆ. ಇದನ್ನೇ ಒಂದು ಲೇಖನ ಮಾಡಬೇಕು ಅಂತಿದ್ದೇನೆ. ನನ್ನ ವಾದ ಸರಿ ಇದೆಯೇ?

ಉತ್ತರ: ಸರ್, ಇಬ್ಬರದೂ ಸರಿ ಅಂತ ಹೇಳಿ ಜಾರಿಕೊಳ್ಳೋಕೆ ನನಗೆ ಇಷ್ಟ ಇಲ್ಲ. ವಾದವನ್ನ ಬಿಟ್ಟುಬಿಡಿ ಅಂತಲೇ ಕೇಳಿಕೊಳ್ಳುತ್ತೇನೆ. ಯುಗಾದಿಯೋ ಜನವರಿಯೋ ಅನ್ನೋ ಲೇಖನ ಪ್ರತಿ ವರ್ಷ ಬರುತ್ತದೆ. ನಿಮ್ಮ ಹತ್ತಿರ ಅದಕ್ಕಿಂತ ದೊಡ್ಡದಿದೆ. ನಮ್ಮ ಭಾಗದಲ್ಲಿ ಎಷ್ಟು ಥರದ ವರ್ಷಗಳು ಮುಗಿದಿವೆ, ಎಷ್ಟು ಶುರುವಾಗಿವೆ, ಯೋಚನೆ ಮಾಡಿ.

ನಿಮ್ಮ ಮನೆಯಲ್ಲಿ ಹಳೇ ಜಮೀನಿನ ಕಾಗದ ಇದ್ದರೆ ಅದರ ಮೇಲೆ ಫಸಲಿ ವರ್ಷ ಇರುತ್ತದೆ. ನಿಜಾಮರ ಸರ್ಕಾರ ಕಂದಾಯ ಲೆಕ್ಕ ಇಟ್ಟಿದ್ದು ಅದರಲ್ಲೇ. ಅದಕ್ಕೆ 590 ಕೂಡಿಸಿದರೆ ಹೆಚ್ಚುಕಮ್ಮಿ ನಮ್ಮ ಇಸವಿ ಬರುತ್ತದೆ. ಹೈದರಾಬಾದ್ ರಾಜ್ಯದಲ್ಲಿ ಜಾಗೀರು ರದ್ದು ಮಾಡಿದ್ದು 1949ರಲ್ಲಿ, ಆ ಕಾನೂನಿನ ಹೆಸರಿನಲ್ಲಿರೋದು 1358 ಫಸಲಿ. ನೋಡಿ, ಒಂದು ಕಾಲ ಮುಗಿಸೋ ಕಾಗದಕ್ಕೂ ಆ ಕಾಲದ್ದೇ ತಾರೀಖು. ಅಡತಿ ಅಂಗಡಿಯವರಿಗೆ ದೀಪಾವಳಿ ಲಕ್ಷ್ಮೀಪೂಜೆಗೆ ಹೊಸ ಲೆಕ್ಕದ ಪುಸ್ತಕ. ಬ್ಯಾಂಕಿನವರಿಗೆ ಮಾರ್ಚ್ 31. ನಿಮ್ಮ ಪಕ್ಕದ ಓಣಿಯ ಮುಸ್ಲಿಮರಿಗೆ ಮೊಹರಂ ವರ್ಷದ ಮೊದಲ ತಿಂಗಳು. ಅವರದು ಚಂದ್ರನ ಲೆಕ್ಕ, ಅದಕ್ಕೇ ಪ್ರತಿ ವರ್ಷ ಹತ್ತು, ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ. ಆ ತಿಂಗಳು ಅಲಾಯಿ ಕುಣಿಯೋಕೆ ಹೋಗುವವರಲ್ಲಿ ನಮ್ಮ ಹಿಂದೂಗಳೂ ಎಷ್ಟು ಜನ ಇರುತ್ತಾರೆ ಅನ್ನೋದು ನಿಮಗೇ ಗೊತ್ತು.

ಇಡೀ ದೇಶಕ್ಕೆ 1947ರ ಆಗಸ್ಟ್ 15. ನಮಗೆ 1948ರ ಸೆಪ್ಟೆಂಬರ್ 17, ನಿಜಾಮರ ಆಳ್ವಿಕೆ ಮುಗಿದ ದಿನ, ಹದಿಮೂರು ತಿಂಗಳು ತಡ. ಆ ಹದಿಮೂರು ತಿಂಗಳು ಹೇಗಿತ್ತು ಅಂತ ನಿಮ್ಮ ತಂದೆ ತಾಯಿ ಹೇಳಿದ್ದು ನಿಮ್ಮ ಕಿವಿಯಲ್ಲಿ ಇದ್ದೇ ಇರುತ್ತದೆ. ಆಮೇಲೆ 1956ರ ನವೆಂಬರ್ 1. ಬೀದರ್, ಗುಲ್ಬರ್ಗಾ, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದ ದಿನ. ಅಂದ್ರೆ ನೀವು ಅಕ್ಷರ ಕಲಿತದ್ದು ಹೈದರಾಬಾದ್ ರಾಜ್ಯದಲ್ಲಿ, ಶಾಲೆ ಮುಗಿಸಿದ್ದು ಮೈಸೂರು ರಾಜ್ಯದಲ್ಲಿ, ನೌಕರಿಯಿಂದ ನಿವೃತ್ತಿ ಆಗಿದ್ದು ಕರ್ನಾಟಕದಲ್ಲಿ. ಊರು ಬಿಟ್ಟು ಎಲ್ಲೂ ಹೋಗದೆ! ಕೂತ ಜಾಗ ಅದೇ ಇರುವಾಗ ಸುತ್ತಲಿನದು ಬದಲಾದರೆ ಒಬ್ಬ ಹುಡುಗನಿಗೆ ಅದು ಹೇಗೆ ಕಾಣುತ್ತದೆ? ಮಾಸ್ತರು ಹಾಜರಿ ಕರೆಯೋದು ಬದಲಾಯಿತಾ? ಉರ್ದು ಪಾಠ ನಿಂತಿತಾ, ಮುಂದುವರಿಯಿತಾ? ಬೋರ್ಡಿನ ಮೇಲೆ ಏನಿತ್ತು? ಇದನ್ನ ಬರೀರಿ ಸರ್. ಇದು ನೆನಪಿರುವವರು ಕಮ್ಮಿ ಆಗ್ತಾ ಇದ್ದಾರೆ. ಬರೆದದ್ದನ್ನ ಕೇಕ್ ಕತ್ತರಿಸೋ ಮೊಮ್ಮಕ್ಕಳ ಕೈಗೇ ಮೊದಲು ಕೊಡಿ, ಅವರೇ ಟೈಪ್ ಮಾಡಿಕೊಡಲಿ.

ಪ್ರಶ್ನೆ: ನಮ್ಮದು ಶಹಾಪುರ ತಾಲ್ಲೂಕಿನ ಹಳ್ಳಿ. ಶ್ರಾವಣದಲ್ಲಿ ಅಪ್ಪ ತೀರಿಕೊಂಡರು. ಅವರ ಬಗ್ಗೆ ಬರೆಯಬೇಕು ಅಂತ ಕೂತರೆ ‘ನೀನು ದೂರವಾದರೂ ನಮ್ಮೊಳಗೇ ಇದ್ದೀಯ’ ಅಂತ ಬರೆದು ಪೆನ್ನು ನಿಲ್ಲುತ್ತದೆ. ಮನೆಯವರು ಹೊಸ ವರ್ಷಕ್ಕಾದರೂ ಇದರಿಂದ ಹೊರಗೆ ಬಾ ಅನ್ನುತ್ತಾರೆ. ಈಗ ಮನೆಯಲ್ಲಿ ತೊಗರಿ ರಾಶಿ ನಡೆದಿದೆ, ಅದೂ ಅವರೇ ಬಿತ್ತಿದ್ದು.

ಉತ್ತರ: ಅಣ್ಣಾ, ಹೊರಗೆ ಬರೋಕೆ ಡಿಸೆಂಬರ್ 31 ಅಂತ ಗಡುವು ಇಲ್ಲ. ಅವರು ಪ್ರೀತಿಯಿಂದಲೇ ಹೇಳುತ್ತಿದ್ದಾರೆ, ಆದರೂ ನೀವು ಅವಸರ ಮಾಡಬೇಡಿ.

ನಿಮ್ಮ ಪತ್ರದ ಕೊನೆಯ ಸಾಲನ್ನ ನಾನು ಮತ್ತೆ ಮತ್ತೆ ಓದಿದೆ. ‘ಅದೂ ಅವರೇ ಬಿತ್ತಿದ್ದು’ ಅಂತ ಸುಮ್ನೆ ಕೊನೆಗೆ ಹಾಕಿಬಿಟ್ಟಿದ್ದೀರಿ. ನಿಮ್ಮ ಬರಹ ಅಲ್ಲೇ ಇದೆ. ಬಿತ್ತಿದವರು ಹೋದರು, ಬೆಳೆ ನಿಲ್ಲಲಿಲ್ಲ. ಹೂ ಆಯ್ತು, ಕಾಯಿ ಆಯ್ತು, ಅದಕ್ಕೆ ಯಾರೋ ಔಷಧಿ ಹೊಡೆದಿದ್ದಾರೆ, ಹುಳದ ಚಿಂತೆ, ನೆಟೆ ರೋಗದ ಚಿಂತೆ ಯಾರೋ ಮಾಡಿದ್ದಾರೆ. ಆ ‘ಯಾರೋ’ ನೀವೇ ಅಲ್ವಾ? ಹಾಗಾದರೆ ಮೊದಲ ಸಲ ಒಬ್ಬರೇ ಹೊಲಕ್ಕೆ ಹೋದ ದಿನ ಬರೀರಿ. ಅಪ್ಪ ಮಾಡುತ್ತಿದ್ದ ಯಾವ ಕೆಲಸ ನಿಮಗೆ ಬರುತ್ತಿರಲಿಲ್ಲ? ಯಾರನ್ನ ಕೇಳಿದಿರಿ? ಬಿತ್ತೋ ದಿನ ಅವರು ಏನು ಹೇಳಿದ್ದರು? ಬಹಳ ಮಾಡಿ ದೊಡ್ಡ ಮಾತೇನೂ ಆಡಿರೋದಿಲ್ಲ, ‘ಬೀಜ ಆಳಕ್ಕೆ ಹೋಗ್ತಿದೆ, ನಿಲ್ಲಿಸು’ ಅಂತಲೋ, ‘ಚಹಾ ಎಲ್ಲಿ’ ಅಂತಲೋ ಅಂದಿರುತ್ತಾರೆ. ಅದನ್ನೇ ಇದ್ದ ಹಾಗೆ ಹಾಕಿ, ಅದಕ್ಕೆ ಅರ್ಥ ಹಚ್ಚೋಕೆ ಹೋಗಬೇಡಿ.

ಅಪ್ಪನ ಗುಣಗಳ ಪಟ್ಟಿ ಬೇಡ. ಶ್ರಮಜೀವಿ, ಸರಳ ವ್ಯಕ್ತಿ ಅನ್ನೋ ಮಾತು ಶ್ರದ್ಧಾಂಜಲಿ ಬ್ಯಾನರಿನಲ್ಲಿ ಬಂದಾಗಿದೆ. ರಾಶಿ ದಿನ ಬೆಳಿಗ್ಗೆಯಿಂದ ಚೀಲ ಹೊಲೆಯೋ ತನಕ ಬರೀರಿ. ಮೊದಲ ಹಿಡಿ ತೊಗರಿ ನಿಮ್ಮವ್ವ ಎಲ್ಲಿಟ್ಟರು, ಮುಂದಿನ ಬಿತ್ತನೆಗೆ ಬೀಜ ತೆಗೆದಿಟ್ಟಿರಾ, ಚೀಲಗಳು ಗಂಜ್‌ಗೆ, ಅಂದ್ರೆ ಧಾನ್ಯದ ಮಾರುಕಟ್ಟೆಗೆ, ಹೋಗುವಾಗ ಮಾರಾಟದ ಪಟ್ಟಿ ಯಾರ ಹೆಸರಿನಲ್ಲಿ ಆಯಿತು. ಕೊನೆಯದು ಚಿಕ್ಕ ವಿಷಯ ಅನ್ನಿಸಬಹುದು. ಅಪ್ಪನ ಹೆಸರಿದ್ದ ಕಡೆ ಮಗನ ಹೆಸರು ಬರೆಸೋ ಹೊತ್ತು ಇದೆಯಲ್ಲ, ಅದನ್ನ ಪಟ್ಟಣದ ಓದುಗರು ನೋಡಿಯೇ ಇರೋದಿಲ್ಲ. ಅಲ್ಲಿಗೆ ನಿಲ್ಲಿಸಿ. ಅಳು ಬಂದರೆ ಎದ್ದು ಹೋಗಿ, ನಾಳೆ ಬರೀರಿ, ಯುಗಾದಿಗೆ ಮುಗಿದರೂ ನಡೆಯುತ್ತದೆ.

ಪ್ರಶ್ನೆ: ಅಕ್ಕಾ, ಕಲಬುರಗಿಯಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಮೂರನೇ ವರ್ಷ. ಎಲ್ಲರೂ ಹೊಸ ಆರಂಭ ಅಂತ ಬರೆಯುತ್ತಾರೆ. ನನ್ನದು ಏನೂ ಮುಗಿದಿಲ್ಲ, ಏನೂ ಶುರುವಾಗಿಲ್ಲ. ನಾನು ಏನು ಬರೆಯಲಿ?

ಉತ್ತರ: ತಮ್ಮಾ, ಈ ಪತ್ರ ನೀನೊಬ್ಬನೇ ಬರೆದದ್ದಲ್ಲ ಅಂತ ನನಗೆ ಅನ್ನಿಸಿತು. ನಮ್ಮ ಮೂರು ಜಿಲ್ಲೆಯ ಎಷ್ಟು ಹುಡುಗ ಹುಡುಗಿಯರು ಹೀಗೇ ಕೂತಿದ್ದಾರೆ. ಸಂವಿಧಾನದ 371(ಜೆ) ತಿದ್ದುಪಡಿ 2012ರಲ್ಲಿ ಆದಮೇಲೆ ನೌಕರಿಯಲ್ಲಿ ನಮ್ಮ ಭಾಗಕ್ಕೆ ಮೀಸಲು ಬಂತು. ಆಸೆ ಬಂತು, ಆಸೆಯ ಜೊತೆ ಕಾಯೋದೂ ಬಂತು. ಅರ್ಜಿ, ಹಾಲ್ ಟಿಕೆಟ್, ಕೀ ಉತ್ತರ, ಕಟ್ ಆಫ್, ತಾತ್ಕಾಲಿಕ ಪಟ್ಟಿ. ಈ ನಡುವಿನ ಕಾಲವನ್ನ ಯಾರೂ ಬರೆಯೋದಿಲ್ಲ. ಆಯ್ಕೆಯಾದವರು ಸಂದರ್ಶನದಲ್ಲಿ ಹೇಳುವಾಗ ಅದನ್ನ ‘ಕಷ್ಟಪಟ್ಟೆ’ ಅಂತ ಒಂದೇ ಪದದಲ್ಲಿ ದಾಟಿಬಿಡುತ್ತಾರೆ. ಆಯ್ಕೆಯಾಗದವರನ್ನ ಯಾರೂ ಕೇಳೋದೇ ಇಲ್ಲ.

ನೀನು ಬರೆ. ಖಾನಾವಳಿಯ ಕೂಪನ್ ಯಾವ ತಿಂಗಳು ಒಂದೇ ಹೊತ್ತಿಗೆ ಇಳಿಯಿತು, ರೂಮಿನಲ್ಲಿದ್ದ ಗೆಳೆಯ ಯಾವಾಗ ಗಂಟುಮೂಟೆ ಕಟ್ಟಿ ಊರಿಗೆ ಹೋದ, ಅವನು ಬಿಟ್ಟುಹೋದ ಪುಸ್ತಕದ ಅಂಚಿನಲ್ಲಿ ಏನು ಬರೆದಿದ್ದ, ಊರಿಂದ ಫೋನ್ ಬಂದಾಗ ‘ಯಾವಾಗ ರಿಸಲ್ಟು’ ಅನ್ನೋ ಪ್ರಶ್ನೆಗೆ ನೀನು ಯಾವ ಉತ್ತರ ಕೊಟ್ಟೆ. ಕೊನೆಗೆ ‘ಪ್ರಯತ್ನ ಬಿಡಬಾರದು’ ಅಂತ ಸೇರಿಸಬೇಡ, ಮುಂದಿನ ವರ್ಷ ಆಗಿಯೇ ಆಗುತ್ತೆ ಅಂತಲೂ ಬೇಡ. ಯಾವ ಪುಟ ಓದುತ್ತಿದ್ದೀಯೋ ಆ ಪುಟದಲ್ಲೇ ನಿಲ್ಲಿಸು. ಬರೆದು ಈ ಅಂಕಣಕ್ಕೆ ಕಳಿಸು, ನಾಲ್ಕು ಪುಟ ಆದರೂ ಓದುತ್ತೇನೆ. ಹೆಸರು ಹಾಕೋದು ಬೇಡ ಅಂದ್ರೆ ಹಾಕೋದಿಲ್ಲ. ಪರೀಕ್ಷೆ ಹತ್ತಿರ ಇದ್ದರೆ ಮೊದಲು ಪರೀಕ್ಷೆ ಮುಗಿಸಿಕೋ.